ಹಿತ್ತಿಲ ಕೋಳಿ: ಮೊದಲ ಆರು ವಾರ ಕೈ ಬಿಗಿ ಹಿಡಿಯಬೇಡಿ

ಹಿತ್ತಿಲಲ್ಲಿ ಕೋಳಿ ಸಾಕುವ ಬಹಳ ಮಂದಿ ಖರ್ಚಿನ ಲೆಕ್ಕವನ್ನೇ ಉಲ್ಟಾ ಹಾಕುತ್ತಾರೆ. ಮರಿಗಳಿಗೆ ಮನೆಯ ನುಚ್ಚೇ ಸಾಕು ಅಂತ ಕೈ ಬಿಗಿ ಹಿಡಿಯುತ್ತಾರೆ. ಅರ್ಧ ಮರಿ ಸತ್ತ ಮೇಲೆ, ಉಳಿದ ದೊಡ್ಡ ಕೋಳಿಗೆ ಚೀಲಗಟ್ಟಲೆ ಕಂಪನಿ ಆಹಾರ ಸುರಿಯುತ್ತಾರೆ. ದುಡ್ಡು ಹಾಕಬೇಕಾದದ್ದು ಮೊದಲ ಆರು ವಾರ. ಆಮೇಲೆ ಕಣ, ತಿಪ್ಪೆ, ಹೊಲದ ಬದು ಸೇರಿ ಕೋಳಿಯ ಅರ್ಧ ಹೊಟ್ಟೆ ತುಂಬಿಸುತ್ತವೆ.

ತಳಿಯ ವಿಷಯ ಸರಳ. ಮಾಂಸ, ಮೊಟ್ಟೆ ಎರಡೂ ಬೇಕೆಂದರೆ ಗಿರಿರಾಜ ಅಥವಾ ವನರಾಜ. ಮೊಟ್ಟೆಯೇ ಮುಖ್ಯವಾದರೆ ಗ್ರಾಮಪ್ರಿಯ. ಇವು ಕಾವಿಗೆ ಕೂರುವುದು ಅಪರೂಪ, ಅದಕ್ಕೆ ಜೊತೆಗೆ ಒಂದೆರಡು ನಾಟಿ ಹ್ಯಾಟೆ ಇರಲಿ. ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿ ಬೇಡವೇ ಬೇಡ. ಅವು ಹೆಚ್ಚಾಗಿ ಲೇಯರ್, ಅಂದರೆ ಮೊಟ್ಟೆಗೆಂದೇ ಸಾಕುವ ತಳಿಯ ಹುಂಜದ ಮರಿಗಳು. ಮೊಟ್ಟೆಯಂತೂ ಇಲ್ಲ, ತೂಕವೂ ಬರುವುದಿಲ್ಲ. ಮೊದಲ ಸಲಕ್ಕೆ 25 ಮರಿ ಸಾಕು.

ಜನ ಸೋಲುವುದು ಮರಿಗಳನ್ನು ಬೆಚ್ಚಗಿಡುವ ಕಾವು ಕೊಡುವಲ್ಲಿ. ಕಲಬುರಗಿಯ ಬಿಸಿಲಿಗೆ ಇನ್ನೇನು ಕಾವು ಅಂತ ನಗಬೇಡಿ. ಮೊದಲ ವಾರ ಮರಿ ಕೂತ ಜಾಗದಲ್ಲಿ ಸುಮಾರು 35 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಬೇಕು. ಡಿಸೆಂಬರ್ ರಾತ್ರಿ ಶಹಾಬಾದ್ ಫರಸಿಯ ನೆಲ ಎಷ್ಟು ತಣ್ಣಗಿರುತ್ತದೆ ಎಂದು ಬರಿಗಾಲಲ್ಲಿ ನಿಂತವರಿಗೆ ಗೊತ್ತು. ಬೀದರಿನಲ್ಲಿ ಚಳಿ ಇನ್ನೂ ಜೋರು. ಆ ಫರಸಿಯ ಮೇಲೆ ಎರಡು ಇಂಚು ಭತ್ತದ ಹೊಟ್ಟು ಹರಡಿ. ಶಹಾಪುರ, ಸುರಪುರ ಕಡೆಯ ಅಕ್ಕಿ ಗಿರಣಿಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಮೊದಲ ಎರಡು ಮೂರು ದಿನ ಹೊಟ್ಟಿನ ಮೇಲೆ ಹಳೆಯ ಪೇಪರ್ ಹಾಸಿ, ಇಲ್ಲದಿದ್ದರೆ ಮರಿಗಳು ಹೊಟ್ಟನ್ನೇ ತಿನ್ನುತ್ತವೆ. ಸುತ್ತ ರಟ್ಟನ್ನು ದುಂಡಗೆ ನಿಲ್ಲಿಸಿ. ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ.

ಬಲ್ಬು ಹಳೆಯ ಕಾಲದ, ಒಳಗೆ ತಂತಿ ಕೆಂಪಾಗುವಂಥದ್ದೇ ಬೇಕು. ಎಲ್‌ಇಡಿ ಹಾಕಿ, ಬೆಳಕಿದೆಯಲ್ಲ ಅಂತ ನಿಶ್ಚಿಂತೆಯಿಂದ ಮಲಗುವವರಿದ್ದಾರೆ. ಅದರಿಂದ ಮರಿಗೆ ಕಾವು ಸಿಗುವುದಿಲ್ಲ. ಮರಿಗೆ 2 ವ್ಯಾಟ್ ಲೆಕ್ಕದಲ್ಲಿ 25 ಮರಿಗೆ 60 ವ್ಯಾಟಿನ ಒಂದು ಬಲ್ಬು, ಹೊಟ್ಟಿಗೆ ತಾಗದಷ್ಟು ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ. ಥರ್ಮಾಮೀಟರ್ ಕೊಳ್ಳಬೇಕಿಲ್ಲ. ಮರಿಗಳೆಲ್ಲ ಬಲ್ಬಿನ ಕೆಳಗೆ ಗುಂಪುಗೂಡಿ ಚೀಂವ್‌ಗುಟ್ಟುತ್ತಿದ್ದರೆ ಚಳಿ, ಬಲ್ಬು ಇಳಿಸಿ. ರಟ್ಟಿಗೆ ಅಂಟಿಕೊಂಡು ಬಾಯಿ ತೆರೆದು ಏದುತ್ತಿದ್ದರೆ ಸೆಕೆ, ಎತ್ತರಿಸಿ. ಎಲ್ಲ ಕಡೆ ಹರಡಿ ಕೆಲವು ತಿನ್ನುತ್ತ, ಕೆಲವು ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ. ಇದನ್ನು ಸಂಜೆ ಅಲ್ಲ, ನಸುಕಿನಲ್ಲಿ ಎದ್ದು ನೋಡಬೇಕು. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಮರಿಗೂ ಮನುಷ್ಯರಿಗೂ ಅಪಾಯ. ನೀರಿನ ತಟ್ಟೆ ಆಳ ಇರಬಾರದು. ಸಣ್ಣ ಕಲ್ಲು ಹಾಕಿಟ್ಟರೆ ಮರಿ ಮುಳುಗುವುದಿಲ್ಲ.

ಆರು ವಾರದವರೆಗೆ ಚಿಕ್ ಸ್ಟಾರ್ಟರ್ (ಮರಿಗಳಿಗೆಂದೇ ಮಾಡಿದ ಕಂಪನಿ ಆಹಾರ) ಬಿಟ್ಟು ಬೇರೆ ಮುಖ್ಯ ಆಹಾರ ಬೇಡ. ಮರಿಗೆ ಸುಮಾರು 20 ಶೇಕಡಾ ಪ್ರೋಟೀನ್ ಬೇಕು, ಜೋಳದಲ್ಲಿರುವುದು ಅದರ ಅರ್ಧ. ಬರೀ ನುಚ್ಚು ತಿಂದ ಮರಿಗೆ ಪುಕ್ಕ ಬರುವುದೇ ತಡ. ಚೀಲದ ಮೇಲೆ ತಯಾರಾದ ತಾರೀಖು ಇಲ್ಲದಿದ್ದರೆ ವಾಪಸ್ ಕೊಡಿ.

ಲಸಿಕೆ ತಪ್ಪಿಸಬೇಡಿ. ಕೊಕ್ಕರೆ ರೋಗಕ್ಕೆ (ರಾಣಿಖೇತ್) 5ರಿಂದ 7ನೇ ದಿನದೊಳಗೆ ಕಣ್ಣಿಗೆ ಲಸೋಟ ಲಸಿಕೆಯ ಹನಿ, ಎರಡು ವಾರಕ್ಕೆ ಗುಂಬೋರೊ ರೋಗದ ಲಸಿಕೆ, ನಾಲ್ಕು ವಾರಕ್ಕೆ ಮತ್ತೆ ಲಸೋಟ, ಎಂಟು ವಾರದ ಸುಮಾರಿಗೆ ಕೊಕ್ಕರೆ ರೋಗಕ್ಕೇ ಆರ್‌2ಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟಾದರೂ ಇರುತ್ತದೆ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಹಾಗಾಗಿ ಓಣಿಯ ನಾಲ್ಕು ಮನೆಯವರು ಕೂಡಿ ತನ್ನಿ, ಐಸ್ ಹಾಕಿದ ಫ್ಲಾಸ್ಕಿನಲ್ಲಿ.

ಇನ್ನು ಉಳಿತಾಯ. ಆರು ವಾರ ದಾಟಿದ ಮೇಲೆ ಹಗಲು ಹೊರಗೆ ಬಿಡಿ. ದೊಡ್ಡದಾದ ಕೋಳಿಗೆ ಸಂಜೆ ತಲಾ 40–50 ಗ್ರಾಂ ಹಾಕಿದರೆ ಸಾಕು. ಗೂಡಿಗೆ ತಾವೇ ಬರುತ್ತವೆ. ಮೊಟ್ಟೆ ಇಡುವ ಕೋಳಿಗೆ 10 ಕೆಜಿ ಮಿಶ್ರಣ ಹೀಗೆ: ಜೋಳ ಅಥವಾ ಸಜ್ಜೆ ನುಚ್ಚು 6 ಕೆಜಿ, ಶೇಂಗಾ ಹಿಂಡಿ 2, ಗೋಧಿ ತೌಡು ಒಂದೂವರೆ, ಚಿಪ್ಪಿನ ಚೂರು ಅರ್ಧ ಕೆಜಿ, ಒಂದು ಹಿಡಿ ಮಿನರಲ್ ಮಿಕ್ಸ್ಚರ್. ಚಿಪ್ಪು ಸಿಗದಿದ್ದರೆ ಮೊಟ್ಟೆ ಸಿಪ್ಪೆ ಹುರಿದು ಕುಟ್ಟಿ ಹಾಕಿ. ದಾಲ್ ಮಿಲ್ಲಿನ ತೊಗರಿ ನುಚ್ಚು ನಮ್ಮಲ್ಲಿ ಸಸ್ತಾ, ಆದರೆ ಹಸಿ ತೊಗರಿ ಜೀರ್ಣಕ್ಕೆ ಅಡ್ಡಿ ಮಾಡುತ್ತದೆ; ಬೇಯಿಸಿ, ಅದೂ ಸ್ವಲ್ಪವೇ ಹಾಕಿ. ಬೂಷ್ಟು ಹಿಡಿದ ಹಿಂಡಿಯನ್ನಾಗಲಿ, ಮಳೆಗೆ ಕಪ್ಪಾದ ಜೋಳವನ್ನಾಗಲಿ ಕೋಳಿಗೆ ಹಾಕಲೇಬೇಡಿ. ಅದರ ವಿಷ ಲಿವರ್‌ಗೇ ಹೊಡೆಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಜೊತೆ ಬೆಳಿಗ್ಗೆ ಏಳರ ಒಳಗೂ ಸ್ವಲ್ಪ ಕಾಳು ಹಾಕಿ, ಮಧ್ಯಾಹ್ನ ಬೇಡ. ನೀರು ಮಣ್ಣಿನ ಪಾತ್ರೆಯಲ್ಲಿ, ಬೇವಿನ ನೆರಳಲ್ಲಿರಲಿ. ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ ಬದಲಿಸಿ.