ಸಿಗಿರಿಯಾ, ದಾಂಬುಲ್ಲಾ ಒಂದೇ ದಿನ: ಮೊದಲು ಬಂಡೆ, ಆಮೇಲೆ ಗುಹೆ

ಶ್ರೀಲಂಕಾಕ್ಕೆ ಹೊರಟವರಿಗೆ. ಸಿಗಿರಿಯಾ ಬಂಡೆಕೋಟೆ ಹತ್ತುವುದನ್ನು ಬೆಳಗ್ಗೆ 7ಕ್ಕೇ ಶುರು ಮಾಡಿ. ಮೆಟ್ಟಿಲು ಸುಮಾರು 1,200. ದಾರಿಯಲ್ಲಿ ಸಿಗುವ ಸಿಂಹದ ಪಂಜಗಳ ಶಿಲ್ಪದಿಂದ ಮೇಲಕ್ಕೆ ಇಕ್ಕಟ್ಟಾದ ಕಬ್ಬಿಣದ ಮೆಟ್ಟಿಲು. ತಡವಾದರೆ ಅಲ್ಲೇ ಸಾಲು ಕಟ್ಟಿಕೊಳ್ಳುತ್ತೆ, ನೆರಳೂ ಇಲ್ಲ. ಗದ್ದಲ ಬೇಡ, ಬಂಡೆಯಲ್ಲಿ ಕಡಜದ ಗೂಡುಗಳಿವೆ. ಬಂಡೆಯ ಮೇಲಿನ ಅಪ್ಸರೆಯರ ವರ್ಣಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಮೂಲ ಪಾಸ್‌ಪೋರ್ಟ್ ಜೊತೆಗಿರಲಿ: ಸಾರ್ಕ್ (ಭಾರತವೂ ಸೇರಿದ ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಉಂಟು.

ದಾಂಬುಲ್ಲಾದ ಬೌದ್ಧ ಗುಹಾದೇವಾಲಯ ಅಲ್ಲಿಂದ 20 ಕಿ.ಮೀ. ಆಸುಪಾಸು. ಟಿಕೆಟ್ ಬೆಟ್ಟದ ಕೆಳಗೇ ಕೇಳಿ ತಗೊಳ್ಳಿ. ಹತ್ತಿದ ಮೇಲೆ ಟಿಕೆಟ್ ಇಲ್ಲವೆಂದು ವಾಪಸ್ ಕಳಿಸಿದರೆ ಮೊಣಕಾಲಿಗೆ ಡಬಲ್ ಶಿಕ್ಷೆ. ಭುಜ, ಮಂಡಿ ಮುಚ್ಚಿರಬೇಕು. ಚಪ್ಪಲಿ ಹೊರಗೆ; ಮಧ್ಯಾಹ್ನ ಅಂಗಳದ ಕಲ್ಲು ಕಾದ ಹೆಂಚು, ಸಾಕ್ಸ್ ಹಾಕಿಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ಐದು ಗುಹೆಗಳಲ್ಲಿ ಎರಡನೆಯದಕ್ಕೇ ಹೆಚ್ಚು ಹೊತ್ತು ಕೊಡಿ: ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೇ ಚಾವಣಿಯ ಚಿತ್ರ ಸರಿಯಾಗಿ ಕಾಣೋದು.