ಮುಗ್ಗಲು ವಾಸನೆಯ 'ಟ್ರೂ' ಪೆಟ್ಟಿಗೆಗಳು: ನನ್ನ ಅನುಭವ

ಬೇಸ್‌ಮೆಂಟಿನ ಮುಗ್ಗಲು ವಾಸನೆ ಒಮ್ಮೆ ಕಾಗದಕ್ಕೆ ಹತ್ತಿದರೆ ಹೋಗೋದೇ ಇಲ್ಲ ಅಂತ ಇಲ್ಲಿ ಅಮೆರಿಕದ ಒಹಾಯೊದಲ್ಲಿ ಹಳೇ ಪತ್ರಿಕೆ ಕೂಡಿಡುವವರೆಲ್ಲ ನನಗೆ ಹೇಳಿದ್ದರು. ಹೋಗುತ್ತೆ. ನನ್ನ ಕಪಾಟಿನಲ್ಲಿ ಈಗ 'ಟ್ರೂ' ಅನ್ನೋ ಹಳೇ ಅಮೆರಿಕನ್ ಗಂಡಸರ ಮಾಸಪತ್ರಿಕೆಯ 1948ರಿಂದ 1960ರವರೆಗಿನ ಸುಮಾರು 140 ಸಂಚಿಕೆ ಇವೆ. ಮುಕ್ಕಾಲು ಪಾಲು ಬೇರೆಯವರು ಮೂಗು ಮುಚ್ಚಿಕೊಂಡು ಬಿಟ್ಟುಹೋದವು.

ಒಳ್ಳೆಯ ಪ್ರತಿಯನ್ನು ಬಿಡಿಯಾಗಿ ಕೊಂಡರೆ ನನಗೆ 12–15 ಡಾಲರ್ ಬೀಳುತ್ತಿತ್ತು. ಎಸ್ಟೇಟ್ ಸೇಲಿನ (ತೀರಿಹೋದವರ ಮನೆ ಸಾಮಾನಿನ ಮಾರಾಟ) ಕೊನೇ ದಿನ ಮಧ್ಯಾಹ್ನ ಹೋಗಿ, ಅರವತ್ತು ಚಿಲ್ಲರೆ ಪ್ರತಿಗಳ ಪೆಟ್ಟಿಗೆಯನ್ನು 40 ಡಾಲರಿಗೆ ತಂದಿದ್ದೇನೆ. ದೂರದಿಂದ ತರಿಸಿದರೆ ಅಂಚೆ ಖರ್ಚೇ ನುಂಗಿಬಿಡುತ್ತೆ. ಪುಸ್ತಕಗಳಿಗೆ ಇಲ್ಲಿನ ಅಂಚೆಯವರು ಕೊಡೋ 'ಮೀಡಿಯಾ ಮೇಲ್' ಅನ್ನೋ ಅಗ್ಗದ ದರ ಜಾಹೀರಾತು ಇರೋ ಪತ್ರಿಕೆಗೆ ಸಿಗಲ್ಲ ಅಲ್ವಾ!

ಮೊದಲ ವರ್ಷ ಕೈ ಸುಟ್ಟುಕೊಂಡೆ. ಬಿಸಿಲಿಗೆ ಹಾಕಿದ ಏಳೆಂಟು ಮುಖಪುಟಗಳ ಕೆಂಪು ಬಣ್ಣ ಮಾಸಿತು. ಅಡಿಗೆ ಸೋಡಾ ಬೆನ್ನಿನ ಮಡಿಕೆಯೊಳಗೆ ಸೇರಿಕೊಂಡು ಇವತ್ತಿಗೂ ಉದುರುತ್ತಿದೆ. ಕರ್ಪೂರ ಇಟ್ಟಾಗಲಂತೂ ಎರಡೂ ವಾಸನೆ ಬೆರೆತು, ಮನೆಯವಳು ಪೆಟ್ಟಿಗೆಯನ್ನೇ ಗ್ಯಾರೇಜಿಗೆ ಸಾಗಿಸಿದಳು. 150 ಡಾಲರ್ ಹೋಗಿರಬೇಕು.

ಕೊನೆಗೆ ಕೈ ಹಿಡಿದದ್ದು ಆಕ್ಟಿವೇಟೆಡ್ ಇದ್ದಿಲು, ಅಂದರೆ ವಾಸನೆ ಹೀರಿಕೊಳ್ಳೋ ಹಾಗೆ ಸಂಸ್ಕರಿಸಿದ ಇದ್ದಿಲು. ಮೊದಲು ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರೋ ಯಂತ್ರ) ಇರೋ ಕೋಣೆಯಲ್ಲಿ ಎರಡು ವಾರ ಒಣಗಿಸಬೇಕು. ಎಲ್ಲರೂ ಸೋಲೋದು ಇಲ್ಲೇ: ಹಸಿ ಕಾಗದವನ್ನೇ ಮುಚ್ಚಿಡುತ್ತಾರೆ. ಆಮೇಲೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ತಳದಲ್ಲಿ ಎರಡು ಕಿಲೋ ಇದ್ದಿಲು, ಮೇಲೊಂದು ಜಾಲರಿ. ಪತ್ರಿಕೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ನಿಲ್ಲಿಸುತ್ತೇನೆ, ವಾರಕ್ಕೊಮ್ಮೆ ಮಗುಚುತ್ತೇನೆ. ಆರು ವಾರ ಸಾಕು. ಹಾಳೆಗಳ ನಡುವೆ ಏನು ಇಡ್ತೀನಿ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹೀಗೇ ಉಳಿಸಿಕೊಂಡದ್ದು 'ಟ್ರೂ'ನ 1950ರ ಜನವರಿ ಸಂಚಿಕೆ. ಹಾರುವ ತಟ್ಟೆಗಳು ನಿಜ ಅಂತ ನಿವೃತ್ತ ಸೇನಾಧಿಕಾರಿ ಡೊನಾಲ್ಡ್ ಕೀಹೋ ಬರೆದ ಲೇಖನ ಇರೋದು ಅದರಲ್ಲೇ. ಮಧ್ಯದ ಪಿನ್ನಿನ ಸುತ್ತ ಕಂದು ತುಕ್ಕು ಉಂಗುರದ ಹಾಗೆ ಹಬ್ಬಿತ್ತು. ಪಿನ್ನು ತೆಗೆದು ಸ್ಟೇನ್‌ಲೆಸ್ ಪಿನ್ನು ಹಾಕಿದೆ. ಮಾರೋರು ಹೀಗೆ ಮಾಡಬಾರದು, ಬೆಲೆ ಬೀಳುತ್ತೆ. ನಾನು ಮಾರಲ್ಲ.

ಈಗ ಡಬ್ಬದಲ್ಲಿ ಕೂತಿರೋದು ಅಂಥದ್ದೇ ಇನ್ನೊಂದು ಪತ್ರಿಕೆ, 1964ರ ಫೆಬ್ರವರಿ 'ಆರ್ಗಸಿ'. ಬರ್ಮುಡಾ ತ್ರಿಕೋನಕ್ಕೆ ಆ ಹೆಸರು ಬಂದ ಸಂಚಿಕೆ. ಇವತ್ತಿಗೆ ನಾಲ್ಕನೇ ವಾರ. ಹಿಂದಿನ ರಟ್ಟಿನಲ್ಲಿ ಮಾತ್ರ ವಾಸನೆ ಇನ್ನೂ ಸ್ವಲ್ಪ ಇದೆ.