ಬಿಡಿಎಸ್ ಆಯ್ತು, ಕ್ಯಾಲಿಫೋರ್ನಿಯಾಗೆ ಹೊರಟಿದ್ದೀರಾ? ಲೈಸೆನ್ಸ್ ಪಡೆಯುವುದು ಹೀಗೆ

ಮದುವೆಯಾಗಿಯೋ, ಮನೆಯವರಿಗೆ ಅಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿಯೋ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾ ಸೇರುವ ಕನ್ನಡಿಗ ದಂತವೈದ್ಯರು ಸಾಕಷ್ಟು ಜನ ಇದ್ದಾರೆ. ಊರಲ್ಲಿ ವರ್ಷಗಟ್ಟಲೆ ರೂಟ್ ಕೆನಾಲ್ ಮಾಡಿದವರೂ ಅಲ್ಲಿ ಲೈಸೆನ್ಸ್ ಇಲ್ಲದೆ ಯಾರ ಹಲ್ಲಿಗೂ ಕೈ ಹಾಕುವಂತಿಲ್ಲ. ಪರಿಚಯದವರು ಅಂತ ಮನೆಯಲ್ಲೇ ಸುಮ್ನೆ ಒಂದು ಫಿಲ್ಲಿಂಗ್ ಮಾಡಿಕೊಟ್ಟರೂ ಅಪರಾಧ.

ಅಮೆರಿಕದಲ್ಲಿ ಈ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡ್. ಕ್ಯಾಲಿಫೋರ್ನಿಯಾದ ಮಟ್ಟಿಗೆ ಅದು ಸ್ಯಾಕ್ರಮೆಂಟೊದಲ್ಲಿರುವ ಡೆಂಟಲ್ ಬೋರ್ಡ್ ಆಫ್ ಕ್ಯಾಲಿಫೋರ್ನಿಯಾ. ನ್ಯೂಯಾರ್ಕ್‌ನಲ್ಲಿ ಒಂದು ವರ್ಷದ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ತರಬೇತಿ, ಕಡ್ಡಾಯ. ಟೆಕ್ಸಸ್‌ನಲ್ಲಿ ಮಾನ್ಯತೆ ಪಡೆದ ಅಮೆರಿಕನ್ ಸ್ಪೆಷಾಲಿಟಿ ಕೋರ್ಸ್ ಮಾಡಿದ ವಿದೇಶಿ ಪದವೀಧರರಿಗೂ ದಾರಿ ಇದೆ. ಹಾಗಾಗಿ ಬೇರೆ ರಾಜ್ಯದಲ್ಲಿರುವ ಗೆಳತಿ ಹೇಳಿದ ಸಲಹೆಯನ್ನು ಕಣ್ಣುಮುಚ್ಚಿ ನಂಬಬೇಡಿ.

ಎಲ್ಲರೂ ಮೊದಲು ಹೆದರುವುದು ಪರೀಕ್ಷೆಗೆ. ಆದರೆ ದುಡ್ಡು, ಸಮಯ ಎರಡನ್ನೂ ನುಂಗುವುದು ಅಲ್ಲಿನ ಡೆಂಟಲ್ ಕಾಲೇಜಿನ ಎರಡು ವರ್ಷದ ಸೀಟು. ಆ ಸೀಟು ಯಾವ ವರ್ಷ ಬೇಕು ಅಂತ ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ವಿಮಾನ ಹತ್ತುವ ಮುಂಚೆ

ಮೊದಲ ಕೆಲಸ ಟ್ರಾನ್ಸ್‌ಕ್ರಿಪ್ಟ್, ಅಂದರೆ ವಿವಿ ಕೊಡುವ ಅಧಿಕೃತ ಅಂಕಗಳ ದಾಖಲೆ. ನಿಮ್ಮ ಬಿಡಿಎಸ್ ಅಂಕಗಳನ್ನು ಅಮೆರಿಕದ ಲೆಕ್ಕಕ್ಕೆ ತರುವ ಸಂಸ್ಥೆ ಇಸಿಇ (ಎಜುಕೇಷನಲ್ ಕ್ರೆಡೆನ್ಷಿಯಲ್ ಇವ್ಯಾಲ್ಯುಯೇಟರ್ಸ್). ಅದಕ್ಕೆ ನೀವು ಜೆರಾಕ್ಸ್ ಕಳಿಸಿದರೆ ನಡೆಯುವುದಿಲ್ಲ, ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ರಾಜೀವ್ ಗಾಂಧಿ ಆರೋಗ್ಯ ವಿವಿಯಲ್ಲಿ ಓದಿದವರು ಕಾಲೇಜು ಮತ್ತು ವಿವಿ ಎರಡೂ ಕಡೆ ಓಡಾಡಬೇಕಾಗುತ್ತದೆ. ಇದನ್ನು ಬೆಂಗಳೂರಲ್ಲಿ ಇರುವಾಗಲೇ ಮುಗಿಸಿ. ಸಮುದ್ರದಾಚೆಯಿಂದ ಅಪ್ಪನನ್ನು ಆಫೀಸಿಂದ ಆಫೀಸಿಗೆ ಕಳಿಸುವುದು ಇಬ್ಬರಿಗೂ ಕಷ್ಟ.

ಇನ್ನೊಂದು ತಲೆನೋವು ನಮ್ಮ ಇನಿಶಿಯಲ್. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ 'ಎನ್. ಎಸ್.', ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಅಪ್ಪನ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ನಮಗೆ ಇದೆಲ್ಲ ಮಾಮೂಲಿ. ಅಲ್ಲಿನ ಕಂಪ್ಯೂಟರ್‌ಗೆ ಇವರು ಮೂರು ಬೇರೆ ಬೇರೆ ಜನ! ಪರೀಕ್ಷೆಯ ದಿನ ಗುರುತಿನ ಚೀಟಿಯ ಹೆಸರು ಅರ್ಜಿಯ ಹೆಸರಿಗೆ ಹೊಂದಲೇಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ ಎಲ್ಲ ಕಡೆ ಬರೆಯಿರಿ. ಮದುವೆ ಸರ್ಟಿಫಿಕೇಟ್, ಹೆಸರಿನ ಅಫಿಡವಿಟ್ ಜೊತೆಗಿರಲಿ. ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ ಲ್ಯಾಪ್ಸ್ ಆಗದಂತೆಯೂ ನೋಡಿಕೊಳ್ಳಿ.

ಐಎನ್‌ಬಿಡಿಇ ಪರೀಕ್ಷೆ

ಐಎನ್‌ಬಿಡಿಇ ಅಂದರೆ ಇಂಟಿಗ್ರೇಟೆಡ್ ನ್ಯಾಷನಲ್ ಬೋರ್ಡ್ ಡೆಂಟಲ್ ಎಕ್ಸಾಮಿನೇಷನ್, ಅಮೆರಿಕ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಮೊದಲಿದ್ದ ಎರಡು ಭಾಗದ ಬೋರ್ಡ್ ಪರೀಕ್ಷೆಯ ಜಾಗಕ್ಕೆ 2020ರಲ್ಲಿ ಬಂತು. 500 ಪ್ರಶ್ನೆ, ಎರಡು ದಿನ. ಬೇಸಿಕ್ ಸೈನ್ಸ್ ಬೇರೆ, ಕ್ಲಿನಿಕಲ್ ಬೇರೆ ಅಂತ ಇಲ್ಲ. ಒಬ್ಬ ಪೇಷೆಂಟ್‌ನ ವಿವರ ಕೊಟ್ಟು ಎಲ್ಲವನ್ನೂ ಬೆರೆಸಿ ಕೇಳುತ್ತಾರೆ. ಭಾರತದಲ್ಲಿ ಕೂತು ಬರೆಯಲು ಆಗುವುದಿಲ್ಲ, ಕೇಂದ್ರಗಳು ಅಮೆರಿಕ ಮತ್ತು ಕೆನಡಾದಲ್ಲಿವೆ. ಇದಕ್ಕೂ ಮುಂಚೆ ಡೆಂಟ್‌ಪಿನ್ ಎಂಬ ಗುರುತಿನ ಸಂಖ್ಯೆ ಮಾಡಿಸಿಕೊಂಡು, ಇಸಿಇ ವರದಿ ಸಲ್ಲಿಸಿರಬೇಕು. ಪಾಸಾದವರಿಗೆ ಅಂಕ ತಿಳಿಸುವುದಿಲ್ಲ, ಪಾಸ್ ಅಂತಷ್ಟೇ ಬರುತ್ತದೆ. ಹಾಗಾಗಿ ರ‍್ಯಾಂಕ್ ಬರಬೇಕು ಅನ್ನುವ ನಮ್ಮ ಹಳೇ ಹುಚ್ಚು ಇಲ್ಲಿ ಬೇಡ.

ಸೀಟು ಹಿಡಿಯುವುದು

ಬಿಡಿಎಸ್ ಮಾತ್ರ ಇಟ್ಟುಕೊಂಡು ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಸಿಗುವುದಿಲ್ಲ. ಭಾರತದಲ್ಲಿ ಎಂಡಿಎಸ್ (ಸ್ನಾತಕೋತ್ತರ ಪದವಿ) ಮಾಡಿದ್ದರೂ ಅದರಿಂದ ವಿನಾಯಿತಿ ಇಲ್ಲ. ಬಹುತೇಕರು ಹಿಡಿಯುವ ದಾರಿ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಕೋರ್ಸ್. ಅಂದರೆ ಅಲ್ಲಿನ ಕಾಲೇಜಿನ ಮಧ್ಯದ ವರ್ಷಕ್ಕೆ ಸೇರಿ, ಸುಮಾರು ಎರಡು ವರ್ಷ ಓದಿ, ಡಿಡಿಎಸ್ ಅಥವಾ ಡಿಎಂಡಿ ಎಂಬ ಅಮೆರಿಕದ ದಂತವೈದ್ಯ ಪದವಿ ಪಡೆಯುವುದು. ಹೆಸರು ಎರಡಾದರೂ ಪದವಿಯ ಬೆಲೆ ಒಂದೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಯುಸಿಎಸ್ಎಫ್ ಮತ್ತು ಯೂನಿವರ್ಸಿಟಿ ಆಫ್ ದಿ ಪೆಸಿಫಿಕ್, ಲಾಸ್ ಏಂಜಲಿಸ್‌ನಲ್ಲಿ ಯುಸಿಎಲ್ಎ ಮತ್ತು ಯುಎಸ್‌ಸಿ, ಇನ್ನೂ ಆಚೆಗೆ ಲೋಮಾ ಲಿಂಡಾ. ಇವೆಲ್ಲ ಇಂಥ ಕೋರ್ಸ್ ನಡೆಸಿಕೊಂಡು ಬಂದಿವೆ.

ಹೆಚ್ಚಿನ ಕಾಲೇಜುಗಳಿಗೆ ಅರ್ಜಿ ಕ್ಯಾಪಿಡ್ ಎಂಬ ಒಂದೇ ಪೋರ್ಟಲ್‌ನಲ್ಲಿ. ಅದು ಮಾರ್ಚ್ ಹೊತ್ತಿಗೆ ತೆರೆಯುತ್ತದೆ, ಸೀಟು ಸಿಕ್ಕರೆ ಕ್ಲಾಸ್ ಶುರುವಾಗುವುದು ಮುಂದಿನ ವರ್ಷ. ಇಸಿಇ ವರದಿ, ಐಎನ್‌ಬಿಡಿಇ ಫಲಿತಾಂಶ, ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್, ಪ್ರೊಫೆಸರ್‌ಗಳ ಶಿಫಾರಸು ಪತ್ರ ಎಲ್ಲ ಬೇಕು. ಟೋಫೆಲ್ ಅಂಕ ಎರಡೇ ವರ್ಷ ಚಾಲ್ತಿಯಲ್ಲಿರುತ್ತದೆ, ತುಂಬಾ ಬೇಗ ಬರೆದಿಟ್ಟುಕೊಂಡರೆ ದುಡ್ಡು ದಂಡ. ಶಿಫಾರಸು ಪತ್ರದಲ್ಲಿ 'ಈ ಅಭ್ಯರ್ಥಿ ಸದ್ಗುಣಿ, ಶ್ರಮಜೀವಿ' ಅಂತ ನಮ್ಮ ಕಾಲೇಜುಗಳು ಬರೆಯುವ ನಾಲ್ಕು ಸಾಲಿನಿಂದ ಏನೂ ಆಗುವುದಿಲ್ಲ. ನೀವು ಯಾವ ಕೇಸ್ ಹೇಗೆ ನಿಭಾಯಿಸಿದಿರಿ ಅಂತ ಬರೆಯಬಲ್ಲವರನ್ನು ಕೇಳಿ.

ಸಂದರ್ಶನಕ್ಕೆ ಕರೆದ ಕಡೆ ಬೆಂಚ್ ಟೆಸ್ಟ್ ಇರಬಹುದು. ಪ್ಲಾಸ್ಟಿಕ್ ಹಲ್ಲಿನ ಮೇಲೆ ಕ್ರೌನ್ ಪ್ರೆಪರೇಷನ್, ಕ್ಲಾಸ್ ಟೂ ಕ್ಯಾವಿಟಿ, ವ್ಯಾಕ್ಸಿಂಗ್ ಇಂಥವು. ಹೊರಗೆ ಸಾಲುಗಟ್ಟಿದ ಪೇಷೆಂಟ್‌ಗಳನ್ನು ನೋಡಿ ನೋಡಿ ಬಂದ ವೇಗಕ್ಕೆ ಇಲ್ಲಿ ಅಷ್ಟು ಬೆಲೆಯಿಲ್ಲ. ಅಂಚು ನುಣುಪಾಗಿದೆಯಾ, ಎಷ್ಟು ಮಿಲಿಮೀಟರ್ ತೆಗೆದಿದ್ದೀರಿ, ಪಕ್ಕದ ಹಲ್ಲಿಗೆ ಗೀರು ಬಿದ್ದಿದೆಯಾ ಅಂತ ನೋಡುತ್ತಾರೆ. ಕೆಲಸ ಬಿಟ್ಟು ವರ್ಷಗಳಾಗಿದ್ದರೆ ಒಂದು ಟೈಪೊಡಾಂಟ್ (ಪ್ಲಾಸ್ಟಿಕ್ ಹಲ್ಲಿನ ದವಡೆಯ ಮಾದರಿ) ಕೊಂಡು ಮನೆಯಲ್ಲೇ ಕೈ ಪಳಗಿಸಿ.

ಈಗ ದುಡ್ಡಿನ ಮಾತು. ಫೀಸು ವರ್ಷಕ್ಕೆ ಲಕ್ಷ ಡಾಲರ್ ದಾಟುವುದು ಅಪರೂಪವೇನಲ್ಲ. ವೀಸಾ ಮೇಲಿರುವವರಿಗೆ ಅಮೆರಿಕ ಸರ್ಕಾರದ ವಿದ್ಯಾರ್ಥಿ ಸಾಲ ಸಿಗುವುದಿಲ್ಲ. ಖಾಸಗಿ ಸಾಲಕ್ಕೆ ಸಾಮಾನ್ಯವಾಗಿ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರ ಜಾಮೀನು ಕೇಳುತ್ತಾರೆ. ಅಷ್ಟು ದೊಡ್ಡ ಸಾಲಕ್ಕೆ ಯಾರು ಸಹಿ ಹಾಕುತ್ತಾರೆ ಅಂತ ಅರ್ಜಿ ಹಾಕುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿ. ಸೀಟು ಬಂದ ಮೇಲೆ ಮಾತಾಡಿದರೆ ಜಗಳವೇ ಜಾಸ್ತಿ.

ಕಾಯುವ ಹೊತ್ತಲ್ಲಿ ಡೆಂಟಲ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಬಹುದು, ಆದರೆ ಕೆಲಸದ ಪರ್ಮಿಟ್ ಇರಬೇಕು. ಎಚ್-4 (ಕೆಲಸದ ವೀಸಾದವರ ಸಂಗಾತಿಗೆ ಸಿಗುವ) ವೀಸಾದವರಿಗೆಲ್ಲ ಅದು ಇರುವುದಿಲ್ಲ. ಕ್ಲಿನಿಕ್‌ನಲ್ಲಿ ಪಕ್ಕ ನಿಂತು ನೋಡಿ ಕಲಿಯುವ ಶ್ಯಾಡೋಯಿಂಗ್‌ಗೆ ಸಂಬಳವೂ ಇಲ್ಲ, ಪೇಷೆಂಟ್ ಮುಟ್ಟುವಂತೆಯೂ ಇಲ್ಲ.

ಪದವಿ ಬಂದ ಮೇಲೆ

ಇಲ್ಲಿಂದ ದಾರಿ ಸಲೀಸು. ಕೈಚಳಕ ನೋಡುವ ಕ್ಲಿನಿಕಲ್ ಪರೀಕ್ಷೆಗೆ ಈಗ ಬೋರ್ಡ್ ಒಪ್ಪುವುದು ಎಡೆಕ್ಸ್ ಎಂಬ ಪರೀಕ್ಷೆಯನ್ನು. ಇದನ್ನು ಪೇಷೆಂಟ್ ಬದಲು ಮ್ಯಾನಿಕಿನ್ (ಗೊಂಬೆ) ಮೇಲೆಯೇ ಮಾಡಬಹುದು. ಮಾನ್ಯತೆ ಇರುವ ಜಿಪಿಆರ್ ಅಥವಾ ಎಇಜಿಡಿ ಎಂಬ ಸಾಮಾನ್ಯ ದಂತವೈದ್ಯಕೀಯದ ರೆಸಿಡೆನ್ಸಿಯನ್ನು ಒಂದು ವರ್ಷ ಮಾಡಿದರೆ ಆ ಪರೀಕ್ಷೆ ಬಿಟ್ಟು ಅರ್ಜಿ ಹಾಕುವ ದಾರಿಯೂ ಇದೆ. ಜೊತೆಗೆ ಕ್ಯಾಲಿಫೋರ್ನಿಯಾದ ಕಾನೂನು ಮತ್ತು ವೃತ್ತಿ ನೀತಿಯ ಒಂದು ಪರೀಕ್ಷೆ. ಆಮೇಲೆ ಲೈವ್ ಸ್ಕ್ಯಾನ್, ಅಂದರೆ ಬೆರಳಚ್ಚು. ಅದು ರಾಜ್ಯದ ನ್ಯಾಯ ಇಲಾಖೆಗೂ ಎಫ್‌ಬಿಐಗೂ ಹೋಗುತ್ತದೆ. ಹಳೇ ಪೊಲೀಸ್ ಕೇಸ್ ಏನಾದರೂ ಇದ್ದರೆ ಅರ್ಜಿಯಲ್ಲಿ ಕೇಳಿದ ಕಡೆ ಮುಚ್ಚಿಡಬೇಡಿ.

ಲೈಸೆನ್ಸ್ ಕೈಗೆ ಬಂದ ಮೇಲೂ ಕೆಲವು ಕೆಲಸ ಉಳಿದಿರುತ್ತವೆ. ಕೆಲವು ಬಗೆಯ ನೋವಿನ ಮಾತ್ರೆ ಬರೆಯಲು ಡಿಇಎ, ಅಂದರೆ ಅಮೆರಿಕದ ಮಾದಕವಸ್ತು ನಿಯಂತ್ರಣ ಸಂಸ್ಥೆಯ, ನೋಂದಣಿ ಬೇರೆ ಬೇಕು. ಸ್ವಂತ ಕ್ಲಿನಿಕ್ ತೆರೆದು ಅದಕ್ಕೆ ನಿಮ್ಮದಲ್ಲದ ಹೆಸರು ಇಡುವುದಾದರೆ, 'ಸ್ಮೈಲ್' ಸೇರಿಸಿದ ಏನೋ ಒಂದು ಇದ್ದೇ ಇರುತ್ತದಲ್ವಾ, ಆ ಹೆಸರಿಗೂ ಬೋರ್ಡ್‌ನಿಂದ ಪರವಾನಗಿ ತೆಗೆದುಕೊಳ್ಳಬೇಕು. ಲೈಸೆನ್ಸ್ ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ನೀವು ಹುಟ್ಟಿದ ತಿಂಗಳ ಕೊನೆಯ ದಿನ ಅದರ ಗಡುವು. ಅಷ್ಟರೊಳಗೆ 50 ಯೂನಿಟ್ ಮುಂದುವರಿದ ಶಿಕ್ಷಣ ಮುಗಿಸಿರಬೇಕು. ಅದರಲ್ಲಿ ಸೋಂಕು ನಿಯಂತ್ರಣ, ರಾಜ್ಯದ ದಂತವೈದ್ಯ ಕಾನೂನು, ಬೇಸಿಕ್ ಲೈಫ್ ಸಪೋರ್ಟ್ ಮತ್ತು ಓಪಿಯಾಯ್ಡ್ (ಚಟ ಹಿಡಿಸಬಲ್ಲ ನೋವುನಿವಾರಕ) ಔಷಧಿ ಕುರಿತ ತರಗತಿಗಳು ಕಡ್ಡಾಯ.